ಬಿಲ್ಲಿನ ಮೇಲೆ ಒಂದು ಸಾಲು ಕಾರಣ ಬರೆಸಿ: ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ,
ಕಲಬುರಗಿ ಜಿಲ್ಲೆ.

ನಮಸ್ಕಾರ.

ನಾನು ಮೆಡಿಕಲ್ ಕೋಡರ್. ನಮ್ಮ ಓಣಿಯಲ್ಲಿ ಈ ಕೆಲಸಕ್ಕೆ ಹೆಸರಿಲ್ಲ. 'ಮಗಳದು ಕಂಪ್ಯೂಟರ್ ಕೆಲಸ ರೀ, ರಾತ್ರಿ ಪಾಳಿ' ಅಂತ ಅವ್ವ ಹೇಳಿಬಿಡುತ್ತಾಳೆ. ಕೇಳಿದವರು ಕಾಲ್ ಸೆಂಟರ್ ಇರಬೇಕು ಅಂದುಕೊಳ್ಳುತ್ತಾರೆ. ನಾನು ಫೋನಿನಲ್ಲಿ ಯಾರ ಹತ್ತಿರವೂ ಮಾತಾಡುವುದಿಲ್ಲ. ಅಮೆರಿಕದ ಆಸ್ಪತ್ರೆಗಳ ಡಾಕ್ಟರು ಬರೆದ ರಿಪೋರ್ಟ್ ಓದಿ ಅದನ್ನು ಅಂಕಿಗೆ ಇಳಿಸುತ್ತೇನೆ. ಯಾವ ಪರೀಕ್ಷೆ ಮಾಡಿದರು ಅನ್ನುವುದಕ್ಕೆ ಒಂದು ಅಂಕಿ. ಯಾಕೆ ಮಾಡಿದರು ಅನ್ನುವುದಕ್ಕೆ ಇನ್ನೊಂದು. ಎರಡೂ ಒಂದಕ್ಕೊಂದು ಹೊಂದಿದರೆ ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡುತ್ತದೆ. ಹೊಂದದಿದ್ದರೆ ಬಿಲ್ಲು ಪೇಷಂಟಿನ ಮನೆಗೆ ಹೋಗುತ್ತದೆ.

ಹೈದರಾಬಾದಿನಲ್ಲಿ ಆರು ವರ್ಷ ಇದನ್ನೇ ಮಾಡಿದೆ. ಕೊರೊನಾ ಬಂದಾಗ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದವಳು ತಿರುಗಿ ಹೋಗಲಿಲ್ಲ. ಈಗ ಆಳಂದ ರಸ್ತೆಯ ನಮ್ಮ ಮನೆಯಲ್ಲಿ, ಮಾಳಿಗೆ ಮೇಲಿನ ಖೋಲಿಯಲ್ಲಿ ಕೂತು ಅದೇ ಕೆಲಸ ಮಾಡುತ್ತೇನೆ. ಏಪ್ರಿಲ್ ಬಂತಂದ್ರೆ ಆ ಖೋಲಿ ರಾತ್ರಿ ಹನ್ನೊಂದಕ್ಕೂ ಕಾದ ಹಂಚಿನ ಹಾಗೆ ಇರುತ್ತದೆ. ಅದು ಬೇರೆ ದೂರು, ಇವತ್ತು ಬೇಡ.

ಇವತ್ತಿನ ವಿಷಯ ಒಂದು ಸ್ಕ್ಯಾನ್ ಮತ್ತು ಅದರ ಬಿಲ್ಲು.

ನನ್ನ ಪಾಲಿಗೆ ಬರುವುದು ರೇಡಿಯಾಲಜಿ ಕೇಸುಗಳು. ಅದರಲ್ಲೂ 2025ರ ಜನವರಿಯಿಂದ ಒಂದು ಸ್ಕ್ಯಾನ್ ಜಾಸ್ತಿ ಬರುತ್ತಿದೆ. ಹೆಸರು ಸಿಟಿ ಕೊಲೊನೊಗ್ರಫಿ. ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆಗೆ ಮಾಡುವ ಸ್ಕ್ಯಾನ್ ಇದು. ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಅಂತ ಸರ್ಕಾರಿ ವಿಮೆ ಇದೆ. ಆ ತಿಂಗಳಿಂದ ಅದು ಈ ಸ್ಕ್ಯಾನಿಗೂ ದುಡ್ಡು ಕೊಡಲು ಶುರು ಮಾಡಿತು. ಬೇರಿಯಂ ಎನಿಮಾ ಅನ್ನುವ ಹಳೆಯ ಎಕ್ಸ್‌ರೇ ಪರೀಕ್ಷೆಯನ್ನು ಅದೇ ದಿನ ಪಟ್ಟಿಯಿಂದ ತೆಗೆದುಹಾಕಿತು.

ಸ್ಕ್ಯಾನ್ ಮಾಡುವ ರೀತಿ ಹೇಳಿಬಿಡುತ್ತೇನೆ, ಮುಂದಿನ ಮಾತಿಗೆ ಬೇಕು. ಹಿಂದಿನ ದಿನ ಗಂಜಿ, ತಿಳಿನೀರು, ಆಮೇಲೆ ಭೇದಿ ಔಷಧಿ. ಕರುಳು ಪೂರ್ತಿ ಖಾಲಿ ಆಗಬೇಕು. ಸ್ಕ್ಯಾನ್ ಮೇಜಿನ ಮೇಲೆ ಮಲಗಿಸಿ ಗುದದ್ವಾರದಲ್ಲಿ ಒಂದು ಸಣ್ಣ ನಳಿಕೆ ಇಟ್ಟು ಗ್ಯಾಸ್ ತುಂಬುತ್ತಾರೆ. ಮುದುಡಿದ ಕರುಳು ಅದರಿಂದ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಒಂದು ಸಲ ಅಂಗಾತ ಮಲಗಿಸಿ, ಇನ್ನೊಂದು ಸಲ ಬೋರಲು ಮಲಗಿಸಿ ಚಿತ್ರ ತೆಗೆಯುತ್ತಾರೆ. ಹದಿನೈದು ನಿಮಿಷದ ಕೆಲಸ. ಮಂಪರು ಬರಿಸುವ ಇಂಜೆಕ್ಷನ್ ಬೇಡ. ಒಳಗೆ ಗಂಟು ಕಂಡರೆ ಮಾತ್ರ ಕೊಲೊನೊಸ್ಕೊಪಿ, ಅಂದ್ರೆ ಕ್ಯಾಮೆರಾ ಇರುವ ಕೊಳವೆಯನ್ನು ಕರುಳಿನೊಳಗೆ ಬಿಟ್ಟು ನೋಡುವ ಪರೀಕ್ಷೆ, ಮಾಡಲೇಬೇಕು, ಯಾಕಂದ್ರೆ ಸ್ಕ್ಯಾನ್ ನೋಡಬಲ್ಲದು, ಕತ್ತರಿಸಿ ತೆಗೆಯಲಾರದು.

ಈ ಒಂದು ಸ್ಕ್ಯಾನಿಗೆ ಅಮೆರಿಕದ ಪುಸ್ತಕದಲ್ಲಿ ಮೂರು ಅಂಕಿ ಇವೆ. 74261, 74262, 74263. ಮೊದಲನೆಯದು ರೋಗ ಪತ್ತೆಗೆ, ಚಿತ್ರ ಎದ್ದು ಕಾಣಲಿ ಅಂತ ನರಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿ ಇಲ್ಲದೆ ಮಾಡಿದ್ದು. ಎರಡನೆಯದೂ ರೋಗ ಪತ್ತೆಗೇ, ಕಾಂಟ್ರಾಸ್ಟ್ ಕೊಟ್ಟು ಮಾಡಿದ್ದು. ಮೂರನೆಯದು ಸ್ಕ್ರೀನಿಂಗ್. ಅಂದ್ರೆ ಯಾವ ತೊಂದರೆಯೂ ಇಲ್ಲದ ಮನುಷ್ಯ ವಯಸ್ಸಾಯಿತು ಅಂತ ಸುಮ್ನೆ ತಪಾಸಣೆ ಮಾಡಿಸಿಕೊಂಡದ್ದು.

ಅದೇ ಮೇಜು, ಅದೇ ಮಶೀನು, ಅದೇ ನಳಿಕೆ, ಅದೇ ಗ್ಯಾಸು. ಬೇರೆ ಇರುವುದು ಕಾರಣ. ಆದರೆ ದುಡ್ಡು ನಿಂತಿರುವುದು ಆ ಕಾರಣದ ಮೇಲೆ. ಅಲ್ಲಿ 2010ರ ಆರೋಗ್ಯ ಕಾಯ್ದೆ ಬಂದ ಮೇಲೆ, ಸರ್ಕಾರದ ತಜ್ಞರ ಸಮಿತಿ ಒಪ್ಪಿದ ತಪಾಸಣೆಗಳಿಗೆ ವಿಮೆ ಇರುವ ಪೇಷಂಟ್ ಕೈಯಿಂದ ದುಡ್ಡು ಹಾಕುವಂತಿಲ್ಲ. ಕರುಳಿನ ಕ್ಯಾನ್ಸರ್ ತಪಾಸಣೆ ಐವತ್ತಕ್ಕೆ ಶುರು ಅಂತ ಇದ್ದದ್ದನ್ನು 2021ರ ಮೇ ತಿಂಗಳಲ್ಲಿ ಆ ಸಮಿತಿ 45ಕ್ಕೆ ಇಳಿಸಿತು. ಈ ಸ್ಕ್ಯಾನ್ ಆದರೆ ಐದು ವರ್ಷಕ್ಕೊಮ್ಮೆ, ಕೊಲೊನೊಸ್ಕೊಪಿ ಆದರೆ ಹತ್ತು ವರ್ಷಕ್ಕೊಮ್ಮೆ. ಹಾಗಾಗಿ ನಾನು 74263 ಹಾಕಿ, ಪಕ್ಕದಲ್ಲಿ ಕಾರಣವಾಗಿ ಝಡ್ 12.11 ಬರೆದರೆ, ಅಂದ್ರೆ ಕರುಳಿನ ಕ್ಯಾನ್ಸರ್ ತಪಾಸಣೆ ಅಂತ ಬರೆದರೆ, ಪೇಷಂಟ್ ಕೊಡಬೇಕಾದದ್ದು ಸೊನ್ನೆ. 74262 ಹಾಕಿ ಪಕ್ಕದಲ್ಲಿ ಕೆ 62.5 ಬರೆದರೆ, ಅಂದ್ರೆ ಗುದದಿಂದ ರಕ್ತ ಹೋಗುತ್ತಿದೆ ಅಂತ ಬರೆದರೆ, ಅವನ ಪಾಲಿಗೆ ನೂರಾರು ಡಾಲರ್ ಬರಬಹುದು.

ನಮಗೆ ಟ್ರೇನಿಂಗಿನಲ್ಲಿ ಮೊದಲು ಕಲಿಸುವ ಪಾಠವೇ ಇದು: ಹೋಗುವಾಗ ಇದ್ದ ಕಾರಣ ನೋಡು, ಸಿಕ್ಕಿದ್ದನ್ನು ನೋಡಬೇಡ. ಆರಾಮಾಗಿದ್ದವನು ತಪಾಸಣೆಗೆ ಹೋಗಿ ಗಂಟು ಸಿಕ್ಕಿತು ಅನ್ನಿ. ಆಗಲೂ ಮೊದಲ ಸಾಲಿನಲ್ಲಿ ತಪಾಸಣೆಯ ಕೋಡೇ ಇರಬೇಕು, ಗಂಟಿನದು ಎರಡನೇ ಸಾಲು. ರಕ್ತ ಹೋಗುತ್ತಿದೆ ಅಂತ ಹೋದವನಿಗೆ ಏನೂ ಸಿಗದಿದ್ದರೂ ಅದು ತಪಾಸಣೆ ಆಗುವುದಿಲ್ಲ.

ಅಮೆರಿಕ ಸ್ವರ್ಗ ಅಂತ ಹೇಳುತ್ತಿಲ್ಲ. ಅಲ್ಲಿನವರೂ ಬಿಲ್ಲು ಹಿಡಿದು ತಿಂಗಳುಗಟ್ಟಲೆ ಜಗಳ ಆಡುತ್ತಾರೆ, ಆ ಪತ್ರಗಳೂ ನಮ್ಮ ಕಣ್ಣಿಗೆ ಬೀಳುತ್ತವೆ. ಮೆಡಿಕೇರಿನವರಂತೂ, ತಪಾಸಣೆಗೆ ಅಂತ ಕೊಲೊನೊಸ್ಕೊಪಿ ಮಾಡುವಾಗ ಗಂಟು ಸಿಕ್ಕು ಅಲ್ಲೇ ತೆಗೆದರೆ ಪೇಷಂಟಿಗೆ ಶೇಕಡಾ 20 ಪಾಲು ಹಾಕುತ್ತಿದ್ದರು. ಜನ ಬೈದು ಬೈದು, ಕಾನೂನು ಬದಲಾಗಿ, 2023ರಿಂದ ಅದು ಶೇಕಡಾ 15 ಆಯಿತು. 2027ರಿಂದ 10. ಪೂರ್ತಿ ಸೊನ್ನೆ ಆಗುವುದು 2030ಕ್ಕೆ. ಗಂಟು ಸಿಕ್ಕಿದ್ದೇ ಅವನ ತಪ್ಪು ಅನ್ನುವ ಹಾಗೆ.

ಇರಲಿ. ಈಗ ನಮ್ಮ ಮನೆಗೆ ಬರುತ್ತೇನೆ.

ನನ್ನ ಕಾಕಾ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ವಯಸ್ಸು 58. ಒಂದು ವರ್ಷದಿಂದ ಸಂಡಾಸಿಗೆ ಹೋದಾಗ ರಕ್ತ ಬೀಳುತ್ತಿತ್ತು. ಯಾರಿಗೂ ಹೇಳಲಿಲ್ಲ. ಆಮೇಲೆ ಕಾಕಿಗೆ ಹೇಳಿದರು. ಮನೆಯಲ್ಲಿ ಎಲ್ಲರೂ ಕೂಡಿ ಅದಕ್ಕೆ ಮೂಲವ್ಯಾಧಿ ಅಂತ ಹೆಸರಿಟ್ಟರು. ಖಾರ ಬಿಡಿಸಿದರು, ಮಜ್ಜಿಗೆ ಕುಡಿಸಿದರು, ಯಾರೋ ಕೊಟ್ಟ ಬೇರಿನ ಪುಡಿಯೂ ಆಯಿತು. ಗುಡಿಯ ನಾಲ್ಕು ಮೆಟ್ಟಿಲು ಹತ್ತುವಾಗ ಕಾಕಾ ಎರಡು ಸಲ ಕೂತರು. ಆಗ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8.2. ನಾನು ರಾತ್ರಿ ಇಡೀ ಇಂಥದೇ ರಿಪೋರ್ಟು ಓದುವವಳು. ಆದರೂ ಆ ಒಂದು ವರ್ಷ ನನಗೂ ಹೊಳೆಯಲಿಲ್ಲ. ಅದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಕೊಲೊನೊಸ್ಕೊಪಿಗೆ ಹೋದೆವು. ಕರುಳಿನ ಕೆಳಭಾಗದಲ್ಲೇ ಒಂದು ಕಡೆ ದಾರಿ ಕಿರಿದಾಗಿತ್ತು. ಕೊಳವೆ ಮುಂದಕ್ಕೆ ಹೋಗಲಿಲ್ಲ. ಡಾಕ್ಟರು ಅಲ್ಲಿಂದ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಕಿರಿದಾದ ಜಾಗದ ಆಚೆ ಇನ್ನೂ ಏನಾದರೂ ಇದೆಯಾ ಅಂತ ನೋಡಬೇಕಿತ್ತು. ಅದಕ್ಕೇ ಸಿಟಿ ಕೊಲೊನೊಗ್ರಫಿ ಬರೆದರು. ಕೊಳವೆ ಮುಂದೆ ಹೋಗದಿದ್ದಾಗ ಈ ಸ್ಕ್ಯಾನ್ ಬರೆಯುವುದು ಪುಸ್ತಕದ ಪ್ರಕಾರವೇ ಸರಿ. ಡಾಕ್ಟರಲ್ಲಿ ಒಂದು ಕೊರತೆಯೂ ಇಲ್ಲ. ಚೀಟಿಯಲ್ಲಿ ಕಾರಣವನ್ನೂ ಬರೆದಿದ್ದರು: ಗುದದಿಂದ ರಕ್ತಸ್ರಾವ, ಕೊಲೊನೊಸ್ಕೊಪಿ ಅಪೂರ್ಣ. ಡಾಕ್ಟರ ಅಕ್ಷರ, ಆದರೂ ಓದಬಹುದಿತ್ತು.

ಆ ಚೀಟಿ ಕೌಂಟರಿಗೆ ಹೋಯಿತು. ಕೌಂಟರಿನಿಂದ ಬಿಲ್ಲು ಬಂತು. 9,500 ರೂಪಾಯಿ. ಬಿಲ್ಲಿನ ಮೇಲೆ ಒಂದೇ ಸಾಲು: 'ಸಿಟಿ ಕೊಲೊನೊಗ್ರಫಿ ಸ್ಕ್ರೀನಿಂಗ್, ಹೆಲ್ತ್ ಚೆಕಪ್'. ಆವತ್ತು ಯಾರು ಬಿಲ್ಲು ಓದುತ್ತಾರೆ ಹೇಳಿ? ಕಾಕಾನಿಗೆ ಒಳಗೆ ನಳಿಕೆ ಹಾಕುತ್ತಾರೆ ಅಂತ ಭಯ. ಕಾಕಿ ಹೊರಗೆ ಕುರ್ಚಿ ಮೇಲೆ ಕೂತು ಶರಣಬಸವೇಶ್ವರನಿಗೆ ಹರಕೆ ಹೊರುತ್ತಿದ್ದರು. ನಾನು ದುಡ್ಡು ಕಟ್ಟಿ ರಸೀದಿ ಪರ್ಸಿಗೆ ತುರುಕಿದೆ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಹನ್ನೆರಡು ದಿನಕ್ಕೆ ಆಪರೇಷನ್ ಆಯಿತು. ಈಗ ಕಾಕಾ ಆರಾಮಿದ್ದಾರೆ, ಕಿಮೊ ಮುಗಿದಿದೆ, ರೊಟ್ಟಿ ಮೆತ್ತಗಾಗಿಲ್ಲ ಅಂತ ಕಾಕಿಯ ಮೇಲೆ ಸಿಟ್ಟು ಮಾಡುವಷ್ಟು ಶಕ್ತಿ ಬಂದಿದೆ. ಆಪರೇಷನ್ ಖರ್ಚು ಕ್ಯಾಶ್‌ಲೆಸ್ ಆಯಿತು. ನನ್ನ ತಮ್ಮ, ಅಂದ್ರೆ ಕಾಕಾನ ಮಗ, ಬೆಂಗಳೂರಿನಲ್ಲಿ ಕೆಲಸ ಮಾಡುವ ಕಂಪನಿಯ ಪಾಲಿಸಿ ಅದು. ಅಡ್ಮಿಟ್ ಆಗುವ ಮುಂಚಿನ 30 ದಿನ ಮತ್ತು ಡಿಸ್ಚಾರ್ಜ್ ಆದ ಮೇಲಿನ 60 ದಿನದ ಖರ್ಚು ಕೊಡುತ್ತೇವೆ ಅಂತ ಅದರಲ್ಲಿ ಬರೆದಿದೆ. ಒಂದೇ ಷರತ್ತು. ಆ ಖರ್ಚು ಅದೇ ಕಾಯಿಲೆಗೆ ಸಂಬಂಧಪಟ್ಟದ್ದಾಗಿರಬೇಕು.

ಎಲ್ಲಾ ರಸೀದಿ ಜೋಡಿಸಿ ಕಳಿಸಿದೆವು. ರಕ್ತ ಪರೀಕ್ಷೆ ಪಾಸಾಯಿತು. ಕೊಲೊನೊಸ್ಕೊಪಿ, ಬಯಾಪ್ಸಿ ಪಾಸಾದವು. ಸ್ಕ್ಯಾನಿನ 9,500 ರಿಜೆಕ್ಟ್. ಕಾರಣ: ರೂಟೀನ್ ಸ್ಕ್ರೀನಿಂಗ್, ಪಾಲಿಸಿಯಲ್ಲಿ ಬರುವುದಿಲ್ಲ.

ನನಗೆ ನಗು ಬಂತು, ಸಾಹೇಬ್ರೆ. ಹಿಂದಿನ ರಾತ್ರಿ ತಾನೇ ನಾನು ಒಬ್ಬ ಅಜ್ಜನ ಫೈಲಿಗೆ 'ಸ್ಕ್ರೀನಿಂಗ್' ಅಂತ ಕೋಡ್ ಹಾಕಿ, ಅವನ ಬಿಲ್ಲು ಸೊನ್ನೆ ಆಗುವಂತೆ ಮಾಡಿದ್ದೆ. ಅಲ್ಲಿ ಆ ಶಬ್ದ ಬಿದ್ದರೆ ದುಡ್ಡು ಉಳಿಯುತ್ತದೆ. ಇಲ್ಲಿ ಅದೇ ಶಬ್ದ ಬಿದ್ದರೆ ದುಡ್ಡು ಹೋಗುತ್ತದೆ.

ಮರುದಿನ ರಸೀದಿ, ಚೀಟಿ ಎರಡೂ ಹಿಡಿದು ಕೌಂಟರಿಗೆ ಹೋದೆ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನ ಹುಡುಗ. ಜಗಳಕ್ಕೆ ಬಂದಿದ್ದಾಳೆ ಅಂತ ಮೊದಲು ಹೆದರಿದ. ಆಮೇಲೆ ಸ್ಕ್ರೀನನ್ನೇ ನನ್ನ ಕಡೆ ತಿರುಗಿಸಿದ.

'ನೀವೇ ನೋಡ್ರಿ ಅಕ್ಕೋರೆ. ಸಿಟಿ ಅಂತ ಹೊಡದ್ರ ಎಲ್ಲಾ ಹೆಸರು ಬರ್ತಾವ. ಇದಕ್ಕ ಒಂದೇ ಹೆಸರು ಅದ. ನಾ ಏನ್ ಮಾಡ್ಲಿ?'

ನೋಡಿದೆ. ಸಿಟಿ ಬ್ರೇನ್, ಸಿಟಿ ಚೆಸ್ಟ್, ಸಿಟಿ ಅಬ್ಡಾಮೆನ್ ಪ್ಲೇನ್, ಸಿಟಿ ಅಬ್ಡಾಮೆನ್ ಕಾಂಟ್ರಾಸ್ಟ್. ಉದ್ದಕ್ಕೆ ಪಟ್ಟಿ. ಕೊಲೊನೊಗ್ರಫಿಗೆ ಬಂದಾಗ ಒಂದೇ ಒಂದು ಸಾಲು, ಅದರ ಬಾಲಕ್ಕೆ 'ಸ್ಕ್ರೀನಿಂಗ್, ಹೆಲ್ತ್ ಚೆಕಪ್' ಅಂತ ಅಂಟಿಕೊಂಡಿದೆ. ಸಾಫ್ಟ್‌ವೇರ್ ಹಾಕಿಕೊಟ್ಟವರು ಎಲ್ಲಿಂದಲೋ ಒಂದು ಪಟ್ಟಿ ತಂದು ತುಂಬಿದ್ದಾರೆ. ಯಾವಾಗಲೋ ಹೆಲ್ತ್ ಚೆಕಪ್ ಪ್ಯಾಕೇಜಿಗೆ ಅಂತ ಮಾಡಿದ ಹೆಸರು ಅದು. ಕಾರಣ ಬರೆಯಲು ಒಂದು ಖಾನೆಯೂ ಇದೆ, ಆದರೆ ಅದು ಖಾಲಿ ಬಿಟ್ಟರೂ ಬಿಲ್ಲು ಮುಂದಕ್ಕೆ ಹೋಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಎದುರಿಗೆ ನಲವತ್ತು ಮಂದಿ ಕ್ಯೂ ನಿಂತಿರುವಾಗ ಖಾಲಿ ಬಿಡಬಹುದಾದ ಖಾನೆಯನ್ನು ಯಾವ ಹುಡುಗ ತುಂಬುತ್ತಾನೆ? ನಾನಾಗಿದ್ದರೂ ತುಂಬುತ್ತಿರಲಿಲ್ಲ.

ಹಾಗಾಗಿ ಆ ಹುಡುಗನ ಮೇಲೆ ನನ್ನ ದೂರಿಲ್ಲ. ಆ ಸೆಂಟರಿನ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ. ಆಮೇಲೆ ಬಂಧುಗಳ, ಪರಿಚಯದವರ ಹಳೆಯ ಬಿಲ್ಲು ತರಿಸಿ ನೋಡಿದೆ. ಎಲ್ಲಾ ಕಡೆ ಇದೇ ಕಥೆ. 'ಸಿಟಿ ಅಬ್ಡಾಮೆನ್, 1, ಇಷ್ಟು ರೂಪಾಯಿ.' ಯಾಕೆ ಮಾಡಿದ್ದು ಅಂತ ಒಂದಕ್ಷರ ಇಲ್ಲ.

ಕೊನೆಗೆ ಏನಾಯಿತು ಅಂದ್ರೆ, ಡಾಕ್ಟರು ತಮ್ಮ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ಸೆಂಟರಿನವರು ಹಳೆ ಬಿಲ್ಲು ರದ್ದು ಮಾಡಿ ಹೊಸದು ಕೊಡುವುದಿಲ್ಲ ಅಂದರು, ಆಡಿಟ್ ತಕರಾರಂತೆ. ಅದೇ ಬಿಲ್ಲಿನ ಹಿಂದೆ ಕಾರಣ ಬರೆದು ಸಿಕ್ಕಾ ಒತ್ತಿಕೊಟ್ಟರು. ನಾಲ್ಕು ಸಲ ಓಡಾಟ, 47 ದಿನ. ದುಡ್ಡು ಬಂತು. ನನಗೆ ಈ ಭಾಷೆ ಗೊತ್ತಿತ್ತು, ಹಗಲು ಹೊತ್ತು ಖಾಲಿ ಇರುತ್ತೇನೆ, ಮನೆಯಲ್ಲಿ ಸ್ಕೂಟಿ ಇದೆ. ಜೇವರ್ಗಿಯಿಂದಲೋ ಚಿಂಚೋಳಿಯಿಂದಲೋ ಬಸ್ಸಿಗೆ ಬರುವವರು ಎಷ್ಟು ಸಲ ಬರುತ್ತಾರೆ? ಎರಡನೇ ಸಲಕ್ಕೇ 'ಹೋಗ್ಲಿ ಬಿಡು' ಅಂತಾರೆ.

ಇನ್ನೊಂದು ಕಡೆಯದೂ ಹೇಳಬೇಕು, ಇಲ್ಲದಿದ್ದರೆ ಪತ್ರ ಅರ್ಧ ಸುಳ್ಳಾಗುತ್ತದೆ.

ನಾನು ಕೋಡರ್ ಅಂತ ಗೊತ್ತಾದ ಮೇಲೆ ನಮ್ಮ ಓಣಿಯ ಒಬ್ಬ ಮಾಮಾ ಬಂದರು. ಅವರಿಗೆ ಏನೂ ತೊಂದರೆ ಇಲ್ಲ. ಕಾಕಾನ ಸುದ್ದಿ ಕೇಳಿ ಹೆದರಿ, ಇಡೀ ಮೈ ಸ್ಕ್ಯಾನ್ ಮಾಡಿಸಬೇಕು ಅಂತ ತಲೆಯಲ್ಲಿ ಹೊಕ್ಕಿದೆ. 'ಒಂದಿನ ಅಡ್ಮಿಟ್ ಆಗ್ತೀನಿ, ಹೊಟ್ಟಿ ನೋವು ಅಂತ ಬರಸ್ತೀನಿ, ಇನ್ಶೂರೆನ್ಸ್‌ನಾಗ ಎಲ್ಲಾ ಟೆಸ್ಟ್ ಆಗ್ತಾವ, ಹೌದಲ್ಲ?' ಅಂದರು. ಹಾಗೆ ಹೇಳಿಕೊಟ್ಟವರು ಬೇರೆ ಯಾರೋ ಇರಬೇಕು. ಇದು ಊರಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು.

ಆಗುವುದಿಲ್ಲ ಅಂದೆ. ವಿಮಾ ಪ್ರಾಧಿಕಾರ 2019ರಲ್ಲಿ ಎಲ್ಲಾ ಕಂಪನಿಗಳಿಗೂ ಒಂದೇ ರೀತಿಯ ವಿನಾಯಿತಿ ಪಟ್ಟಿ ಮಾಡಿಕೊಟ್ಟಿದೆ. ಯಾವುದಕ್ಕೆ ದುಡ್ಡು ಕೊಡಬೇಕಿಲ್ಲ ಅನ್ನುವ ಪಟ್ಟಿ ಅದು. ಅದರಲ್ಲಿ ನಾಲ್ಕನೇ ನಂಬರು ಇದಕ್ಕೇ ಇರುವುದು: ಬರೀ ಪರೀಕ್ಷೆ ಮಾಡಿಸಲಿಕ್ಕೆ ಅಂತ ಅಡ್ಮಿಟ್ ಆದರೆ ಆ ಖರ್ಚು ಬರುವುದಿಲ್ಲ. ಪಾಲಿಸಿ ಪುಸ್ತಕದಲ್ಲಿ ಎಕ್ಸ್‌ಕ್ಲೂಷನ್ 04 ಅಂತ ಹುಡುಕಿದರೆ ಸಿಗುತ್ತದೆ. ಜೊತೆಗೆ ಇಲ್ಲದ ಹೊಟ್ಟೆನೋವು ಕಾಗದದ ಮೇಲೆ ಒಮ್ಮೆ ಬಿದ್ದರೆ ಅಲ್ಲೇ ಕೂರುತ್ತದೆ. ಮುಂದೆ ನಿಜವಾಗಲೂ ಹೊಟ್ಟೆಗೆ ಏನಾದರೂ ಬಂದಾಗ, ಹೊಸ ಪಾಲಿಸಿಯವನು ಅದೇ ಕಾಗದ ತೋರಿಸಿ 'ಇದು ಮೊದಲೇ ಇತ್ತಲ್ಲ' ಅನ್ನುತ್ತಾನೆ. ಮಾಮಾಗೆ ಈ ಎರಡನೇ ಮಾತು ತಾಗಿತು.

ಅವರಿಗೆ ಹೇಳಿದ್ದು ಇಷ್ಟೇ. ತಪಾಸಣೆಯೇ ಬೇಕಿದ್ದರೆ ತಪಾಸಣೆ ಅಂತಲೇ ಬರೆಸಿ ಮಾಡಿಸಿ. ಕೈಯಿಂದ ದುಡ್ಡು ಹಾಕಿ. ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮುಂಜಾಗ್ರತೆ ತಪಾಸಣೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ವಿನಾಯಿತಿ ಇದೆ, 80ಡಿ ಅಂತ ಲೆಕ್ಕದವರೆಲ್ಲ ಹೇಳುತ್ತಿದ್ದದ್ದು ಅದೇ. ಅದಕ್ಕೂ ಬಿಲ್ಲಿನಲ್ಲಿ ಅದು ತಪಾಸಣೆ ಅಂತ ಇದ್ದರೆ ಕೇಳಲು ಸುಲಭ. ನೋಡಿ, ಅಲ್ಲೂ ಕಾರಣವೇ ಬೇಕು. ಆಮೇಲೆ, ಏನೂ ತೊಂದರೆ ಇಲ್ಲದವರು ಮೊದಲೇ ಸ್ಕ್ಯಾನಿಗೆ ಓಡಬೇಕಾಗಿಲ್ಲ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡುವ ಸಣ್ಣ ಪರೀಕ್ಷೆ ಲ್ಯಾಬಿನಲ್ಲೇ ಆಗುತ್ತದೆ. ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಕರುಳಿನ ಕ್ಯಾನ್ಸರ್ ಆಗಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ನನ್ನ ತಮ್ಮನಿಗೂ ಇದನ್ನೇ ಹೇಳಿದೆ. ಅವನಿನ್ನೂ ಹೋಗಿಲ್ಲ.

ಎಲ್ಲರಿಗೂ ಈ ಸ್ಕ್ಯಾನ್ ಮಾಡಿಸಿ ಅಂತ ನಾನು ಬರೆಯುತ್ತಿಲ್ಲ. ನಮ್ಮಲ್ಲಿ ಕರುಳಿನ ಕ್ಯಾನ್ಸರ್ ಅಮೆರಿಕದಷ್ಟು ಇಲ್ಲ. ಸರ್ಕಾರ 30 ದಾಟಿದವರಿಗೆ ನಡೆಸುವ ತಪಾಸಣೆಯಲ್ಲಿ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠ ಇವೆ, ಕರುಳು ಇಲ್ಲ. ಇರಬೇಕೋ ಬೇಡವೋ ಅದು ತಿಳಿದವರ ಮಾತು. ನನ್ನದು ಸಣ್ಣ ಮಾತು. ಮಾಡಿದ ಪರೀಕ್ಷೆಗೆ ಯಾಕೆ ಮಾಡಿದ್ದು ಅಂತ ಬಿಲ್ಲಿನಲ್ಲಿ ಬರೆಯಿರಿ. ಖರೆ ಕಾರಣ ಬರೆಯಿರಿ.

ಇದನ್ನು ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದ್ರೆ, ಖಾಸಗಿ ಆಸ್ಪತ್ರೆ, ಲ್ಯಾಬು, ಸ್ಕ್ಯಾನಿಂಗ್ ಸೆಂಟರುಗಳ ನೋಂದಣಿ ನಿಮ್ಮ ಕೈಯಲ್ಲಿದೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅದಕ್ಕೆ 2017ರಲ್ಲಿ ಆದ ತಿದ್ದುಪಡಿ, ಅದರಂತೆ ಪ್ರತಿ ಜಿಲ್ಲೆಗೂ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು, ಆರೋಗ್ಯಾಧಿಕಾರಿಗಳು ಕಾರ್ಯದರ್ಶಿ. ದರಪಟ್ಟಿ ಗೋಡೆಗೆ ಹಾಕಬೇಕು ಅನ್ನುವುದೂ ಅದೇ ಕಾಯ್ದೆ. ಬಹಳ ಕಡೆ ಹಾಕಿದ್ದಾರೆ, ಕುಂಡದ ಗಿಡದ ಹಿಂದೆ ಆದರೂ ಹಾಕಿದ್ದಾರೆ. ನೀವು ಒಂದು ಸಭೆ ಕರೆದು ಹೇಳಿದರೆ ಸಾಫ್ಟ್‌ವೇರಿನ ಪಟ್ಟಿ ಒಂದು ವಾರದಲ್ಲಿ ಸರಿ ಆಗುತ್ತದೆ. ಆ ಹುಡುಗನೇ ಹೇಳಿದ: 'ಒಂದು ಹೆಸರು ಹೆಚ್ಚಿಗಿ ಸೇರ್ಸೋದು ಐದು ನಿಮಿಷದ ಕೆಲಸ ರೀ. ಸೇರ್ಸು ಅಂತ ಯಾರೂ ಹೇಳಿಲ್ಲ.'

ಕೋಡು ನಮ್ಮ ಊರಿಗೆ ಹೊಸದೂ ಅಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಪ್ರತಿ ಚಿಕಿತ್ಸೆಗೂ ಕೋಡ್ ಇದೆ. ಆರೋಗ್ಯ ಮಿತ್ರರು ಕೋಡ್ ಹಾಕಿ, ಕಾರಣ ಬರೆದು, ಒಪ್ಪಿಗೆ ತರಿಸಿಕೊಂಡೇ ಫೈಲು ಮುಂದೆ ಕಳಿಸುತ್ತಾರೆ. ಅದೇ ಆಸ್ಪತ್ರೆಯ ಅದೇ ಪಡಸಾಲೆಯಲ್ಲಿ, ಹತ್ತು ಹೆಜ್ಜೆ ದೂರದ ಕ್ಯಾಶ್ ಕೌಂಟರಿನಲ್ಲಿ ಅದು ಇಲ್ಲ. ಕೈಯಿಂದ ದುಡ್ಡು ಕೊಡುವವನಿಗೆ ಕಾರಣ ಯಾಕೆ ಅಂದುಕೊಂಡಿದ್ದಾರೋ ಏನೋ. ಅವನೇ ಆಮೇಲೆ ಆ ಕಾಗದ ಹಿಡಿದು ಅಲೆಯುವವನು.

ಇನ್ನೂ ಒಂದು. ಆಸ್ಪತ್ರೆಗೆ ಸೇರಿ ಬಿಲ್ಲು ಕಟ್ಟಿ ಆಮೇಲೆ ಕ್ಲೇಮ್ ಮಾಡುವವರಿಗೆ ವಿಮಾ ಪ್ರಾಧಿಕಾರದ್ದೇ ಒಂದು ಫಾರಂ ಇದೆ. ಪಾರ್ಟ್ ಎ ನಾವು ತುಂಬಬೇಕು, ಪಾರ್ಟ್ ಬಿ ಆಸ್ಪತ್ರೆಯವರು. ಪಾರ್ಟ್ ಬಿಯಲ್ಲಿ ಕಾಯಿಲೆಯ ಐಸಿಡಿ 10 ಕೋಡ್ ಬರೆಯಲು ಚೌಕ ಚೌಕ ಖಾನೆ ಮಾಡಿಟ್ಟಿದ್ದಾರೆ. ಕಾಕಾನ ಫಾರಂ ನಾನು ನೋಡಿದೆ. ಆ ಖಾನೆಗಳ ಮೇಲೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು ಕೆಳಗೆ ಸಿಕ್ಕಾ ಹೊಡೆದಿದ್ದರು. ಅಲ್ಲಿ ಬರೆಯಬೇಕಾದದ್ದು ಸಿ 18.7, ಅಷ್ಟೇ. ಕರುಳಿನ ಆ ಕೆಳಗಿನ ತಿರುವಿನ ಕ್ಯಾನ್ಸರಿಗೆ ಐಸಿಡಿ 10 ಬಳಸುವ ಕಡೆಯೆಲ್ಲಾ ಅದೇ ಅಂಕಿ. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕ ಅದು, ಅಮೆರಿಕದವರ ಆಸ್ತಿ ಅಲ್ಲ. ತಪಾಸಣೆಗೆ ಆ ಪುಸ್ತಕದಲ್ಲಿ ಝಡ್ 12.1, ಅಮೆರಿಕದವರು ತಮ್ಮ ಲೆಕ್ಕಕ್ಕೆ ಅದರ ಮುಂದೆ ಇನ್ನೊಂದು 1 ಸೇರಿಸಿಕೊಂಡಿದ್ದಾರೆ. ಕಲಬುರಗಿ, ಬೀದರ್, ಯಾದಗಿರಿಯ ನೂರಾರು ಹುಡುಗ ಹುಡುಗಿಯರು ಹೈದರಾಬಾದಿನಲ್ಲಿ, ಬೆಂಗಳೂರಿನಲ್ಲಿ ಕೂತು ಪರದೇಶದವರಿಗೆ ಇದೇ ಅಂಕಿ ಬರೆದುಕೊಡುತ್ತಿದ್ದಾರೆ. ನಮ್ಮ ಅಪ್ಪ ಅವ್ವಂದಿರ ಫಾರಂ ಮೇಲೆ ಗೆರೆ.

ನೀವು ಮಾಡಿಸಬೇಕಾದದ್ದು ಜಾಸ್ತಿ ಇಲ್ಲ. ತಪಾಸಣೆಗೂ ಬಳಸುವ, ರೋಗ ಪತ್ತೆಗೂ ಬಳಸುವ ಪರೀಕ್ಷೆಗಳಿಗೆ ಬಿಲ್ಲಿನಲ್ಲಿ ಎರಡು ಬೇರೆ ಹೆಸರು ಇರಲಿ. ಸಿಟಿ ಕೊಲೊನೊಗ್ರಫಿ ಒಂದೇ ಅಲ್ಲ. ಮ್ಯಾಮೊಗ್ರಫಿಯೂ ಹಾಗೇ, ಕೊಲೊನೊಸ್ಕೊಪಿಯೂ ಹಾಗೇ. ಡಾಕ್ಟರ ಚೀಟಿಯ ಕಾರಣ ಬಿಲ್ಲಿಗೆ ಇಳಿಯಲಿ. ಕಾರಣದ ಖಾನೆ ಖಾಲಿ ಇದ್ದರೆ ಬಿಲ್ಲು ಪ್ರಿಂಟ್ ಆಗದಂತೆ ಮಾಡಲಿ. ತಪ್ಪಾದ ಬಿಲ್ಲು ತಿದ್ದಿಕೊಡಲು ಒಂದು ದಾರಿ ಇರಲಿ, ಹಿಂದೆ ಬರೆದು ಸಿಕ್ಕಾ ಒತ್ತುವ ದಾರಿ ಅಲ್ಲ. ಪಾರ್ಟ್ ಬಿಯಲ್ಲಿ ಗೆರೆ ಎಳೆಯುವುದು ನಿಲ್ಲಲಿ. ಸಾಧ್ಯವಾದರೆ ಕನ್ನಡದಲ್ಲೂ ಒಂದು ಸಾಲು ಇರಲಿ: 'ರಕ್ತ ಹೋಗುತ್ತಿದ್ದುದಕ್ಕೆ ಮಾಡಿದ ಪರೀಕ್ಷೆ'. ಕಾಕಿಗೆ ಅದನ್ನು ಓದಲು ಬರುತ್ತದೆ. ಅವತ್ತು ಬಿಲ್ಲು ಅವರ ಕೈಯಲ್ಲಿದ್ದು ಅದು ಕನ್ನಡದಲ್ಲಿದ್ದರೆ, 'ಚೆಕಪ್ ಯಾಕ್ ಬರದಾರ, ಚೆಕಪ್ಪಿಗಿ ಬಂದೀವೇನು ನಾವು?' ಅಂತ ಅವರೇ ಕೇಳುತ್ತಿದ್ದರು. ಖಂಡಿತ ಕೇಳುತ್ತಿದ್ದರು.

ಈ ಪತ್ರ ಓದುತ್ತಿರುವ ಊರಿನವರಿಗೂ ಎರಡು ಮಾತು. ಕೌಂಟರ್ ಬಿಡುವ ಮುಂಚೆ ಬಿಲ್ಲು ಓದಿ. ಡಾಕ್ಟರ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ, ಯಾಕಂದ್ರೆ ಕೆಲವು ಸ್ಕ್ಯಾನ್ ಸೆಂಟರಿನವರು ಅದನ್ನು ಇಟ್ಟುಕೊಂಡು ತಿರುಗಿ ಕೊಡುವುದಿಲ್ಲ. ಕ್ಲೇಮ್ ರಿಜೆಕ್ಟ್ ಆದರೆ ಮೊದಲು ಕಂಪನಿಗೇ ಬರೆದು ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಸರಿ ಅನಿಸದಿದ್ದರೆ, ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಫೀಸು ಇಲ್ಲ, ವಕೀಲರು ಬೇಡ, ಒಂದು ವರ್ಷದ ಒಳಗೆ ಹೋಗಬೇಕು. ಮತ್ತೆ, ರಕ್ತ ಬಿದ್ದರೆ ಮನೆಯಲ್ಲೇ ಅದಕ್ಕೆ ಮೂಲವ್ಯಾಧಿ ಅಂತ ಹೆಸರಿಡಬೇಡಿ. ಮೂಲವ್ಯಾಧಿಯೇ ಇರಬಹುದು. ಅದನ್ನು ಡಾಕ್ಟರು ನೋಡಿ ಹೇಳಲಿ.

ಸಾಹೇಬ್ರೆ, ಯಾವ ಯಾವ ಪರೀಕ್ಷೆಗೆ ಎರಡು ಹೆಸರು ಬೇಕು ಅಂತ ಒಂದು ಹಾಳೆಯ ಪಟ್ಟಿ ಮಾಡಿಟ್ಟಿದ್ದೇನೆ. ಪಕ್ಕದಲ್ಲಿ ಐಸಿಡಿ ಅಂಕಿಯನ್ನೂ ಬರೆದಿದ್ದೇನೆ. ಯಾವ ಸೆಂಟರಿನವರು ಕೇಳಿದರೂ ಪುಕ್ಕಟೆ ಕೊಡುತ್ತೇನೆ, ಕೂತು ಹೇಳಿಕೊಡುತ್ತೇನೆ. ನೀವು ಸಭೆ ಕರೆದರೆ ಬರುತ್ತೇನೆ. ಮಧ್ಯಾಹ್ನ ಎರಡರ ಮೇಲೆ ಯಾವತ್ತಾದರೂ ಸರಿ. ಬೆಳಿಗ್ಗೆ ಮಾತ್ರ ಬೇಡ, ನಾನು ಮಲಗುವುದೇ ಆರಕ್ಕೆ. ಕೌಂಟರಿನ ಆ ಹುಡುಗನೂ ಬರುತ್ತೇನೆ ಅಂದಿದ್ದಾನೆ, ಅವನ ಮಾಲೀಕರಿಗೆ ಗೊತ್ತಾಗದಿದ್ದರೆ.

ಇಂತಿ,
ಒಬ್ಬ ಮೆಡಿಕಲ್ ಕೋಡರ್
ಆಳಂದ ರಸ್ತೆ, ಕಲಬುರಗಿ